ನಮ್ಮ ಕತೆಗಳಲ್ಲಿ ಬಿಡದಿ ಯಾಕಿಲ್ಲ?



ನಿಮ್ಮ ಕತೆಗಳಲ್ಲಿ ಇಂಥವರು ಯಾಕಿಲ್ಲ ಎಂದು ಕೇಳಿದರೆ ಬರೆಯುವವರಿಗೆ ಸಿಟ್ಟು ಬರುತ್ತದೆ. ಕೆಲವರು ಅದನ್ನು ತೋರಿಸಿಕೊಳ್ಳುತ್ತಾರೆ, ಕೆಲವರು ನಕ್ಕು ಮಾತು ಬದಲಿಸುತ್ತಾರೆ. ಪಾತ್ರಗಳನ್ನು ತಲೆ ಎಣಿಸಿ ಸೇರಿಸಿಕೊಳ್ಳಲಿಕ್ಕೆ ಆಗುತ್ತದೆಯೇ, ಅವು ತಾವಾಗಿ ಬರಬೇಕಲ್ಲವೇ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ತಾವಾಗಿ ಬರುವ ಪಾತ್ರಗಳೆಲ್ಲ ಸುಮಾರಾಗಿ ಒಂದೇ ಬೀದಿಯಿಂದ ಬರುತ್ತಿದ್ದರೆ, ಉಳಿದ ಬೀದಿಗಳಿಗೆ ಬಾಗಿಲು ತೆರೆದಿದೆಯೇ ಎಂದು ನೋಡಬೇಕಾಗುತ್ತದೆ. ಈ ಮಾತನ್ನು ಇವತ್ತು ಬಿಡದಿ ಕೈಗಾರಿಕಾ ಪ್ರದೇಶವನ್ನು ಮುಂದಿಟ್ಟುಕೊಂಡು ಆಡುತ್ತೇನೆ.

ಬಿಡದಿ ಅಂದರೆ ಮೈಸೂರು ರಸ್ತೆಯಲ್ಲಿ ಓಡಾಡುವವರಿಗೆ ತಟ್ಟೆ ಇಡ್ಲಿ. ತಿಂದು ಕೈತೊಳೆದು ಗಾಡಿ ಹತ್ತುತ್ತಾರೆ. ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ಬೇರೆಯದೇ ಊರು. ರಾಗಿ, ಹಿಪ್ಪುನೇರಳೆ, ತೆಂಗು ಬೆಳೆಯುತ್ತಿದ್ದ ಹೊಲಗಳನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ವಶಕ್ಕೆ ತೆಗೆದುಕೊಂಡಿತು. 1999ರ ಕೊನೆಯಲ್ಲಿ ಟೊಯೊಟ ಕಿರ್ಲೋಸ್ಕರ್ ಕಾರ್ಖಾನೆಯಿಂದ ಗಾಡಿಗಳು ಹೊರಬರತೊಡಗಿದವು. ಆಮೇಲೆ ಬಿಡಿಭಾಗ ಮಾಡುವ ಕಂಪನಿಗಳು, ತಂಪು ಪಾನೀಯದವರು, ಬಿಸ್ಕತ್ತಿನವರು, ಬಾಷ್‌ನವರು, ಹೀಗೆ ಒಬ್ಬರ ಹಿಂದೆ ಒಬ್ಬರು ಬಂದರು. ಮೂರು ಪಾಳಿ. ಬೆಂಗಳೂರಿನಿಂದ, ರಾಮನಗರದಿಂದ, ಮಾಗಡಿಯಿಂದ, ಚನ್ನಪಟ್ಟಣದಿಂದ ಕಂಪನಿ ಬಸ್ಸು. ಖಾಯಂ ನೌಕರರು ಕೆಲವರು. ಟ್ರೈನಿಗಳು, ಅಪ್ರೆಂಟಿಸ್‌ಗಳು, ಕಾಂಟ್ರ್ಯಾಕ್ಟ್‌ನವರು ಬಹಳ ಮಂದಿ. ಉತ್ತರ ಕರ್ನಾಟಕದಿಂದ ಐಟಿಐ ಮುಗಿಸಿ ಬಂದ ಹುಡುಗರು, ಒಡಿಶಾ, ಬಿಹಾರ, ಅಸ್ಸಾಮಿನಿಂದ ರೈಲು ಹತ್ತಿ ಬಂದ ಹುಡುಗರು, ಒಂದು ಕೋಣೆಗೆ ನಾಲ್ಕೈದು ಜನರಂತೆ ಬಾಡಿಗೆಗೆ ಇದ್ದಾರೆ. ಜಮೀನು ಕೊಟ್ಟ ರೈತನ ಮಗ ಅದೇ ಜಮೀನಿನ ಮೇಲೆ ಎದ್ದ ಗೇಟಿನಲ್ಲಿ ಸೆಕ್ಯೂರಿಟಿ ಬಟ್ಟೆ ತೊಟ್ಟು ನಿಂತಿರುವುದೂ ಉಂಟು.

ಕಾಲು ಶತಮಾನವಾಯಿತು. ಇಷ್ಟು ದಿನದಲ್ಲಿ ಒಂದು ಊರಿನ ಬದುಕು ಹೀಗೆ ಮಗುಚಿಕೊಂಡರೆ, ಅದು ಕತೆಗಾರರಿಗೆ ಕಾಣಬೇಕು. ಕಥಾಸ್ಪರ್ಧೆಗಳಿಗೆ ಬಂದ ಕತೆಗಳನ್ನು ಓದುವ ಕೆಲಸ ನನಗೆ ಆಗಾಗ ಬರುತ್ತದೆ. ಅಜ್ಜಿಯ ಮನೆ ಬರುತ್ತದೆ, ಮಾರಿಹೋದ ತೋಟ ಬರುತ್ತದೆ, ಅಪಾರ್ಟ್‌ಮೆಂಟಿನ ಒಂಟಿತನ ಬರುತ್ತದೆ, ಸಾಫ್ಟ್‌ವೇರ್ ದಂಪತಿಯ ವಿಚ್ಛೇದನ ತಪ್ಪದೆ ಬರುತ್ತದೆ. ಎರಡನೇ ಪಾಳಿ ಮುಗಿಸಿ ಬಸ್ಸಿನ ಕಿಟಕಿಗೆ ತಲೆಯಾನಿಸಿದ ಮಾಗಡಿಯ ಹುಡುಗಿ ಬರುವುದಿಲ್ಲ. ಬಂದರೂ ಬಸ್‌ಸ್ಟಾಪಿನಲ್ಲಿ ನಾಯಕ ಕಂಡ ಒಬ್ಬಳಾಗಿ ಬರುತ್ತಾಳೆ, ಮುಂದಿನ ಪುಟದಲ್ಲಿ ಇರುವುದಿಲ್ಲ.

ಲೇಖಕರನ್ನು ಕೇಳಿದರೆ ನಮ್ಮಲ್ಲಿ ಬಹಳ ಕಾಲದಿಂದ ಸಿಗುತ್ತಿರುವುದು ಮೂರು ಉತ್ತರ. ಸಾಹಿತ್ಯದಲ್ಲಿ ಭೇದ ಮಾಡಬೇಡಿ, ಸಾಹಿತ್ಯ ಒಂದೇ ಅನ್ನುವುದು ಮೊದಲನೆಯದು. ಅದು ನನ್ನ ಅನುಭವಕ್ಕೆ ಬಂದಿಲ್ಲ ಅನ್ನುವುದು ಎರಡನೆಯದು. ಅವರ ಕತೆಯನ್ನು ಅವರೇ ಬರೆಯಲಿ ಅನ್ನುವುದು ಮೂರನೆಯದು.

ಮೊದಲನೇ ಉತ್ತರದ ಕತೆ ನಿಮಗೆ ಗೊತ್ತಿರುವುದೇ. 1973ರ ನವೆಂಬರಿನಲ್ಲಿ ದೇವರಾಜ ಅರಸರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದು ಕರೆದರು. ಬೀದಿ ಹೊತ್ತಿಕೊಂಡಿತು, ಸಚಿವ ಸ್ಥಾನ ಹೋಯಿತು. ಅವರು ಕೇಳಿದ್ದರ ತಿರುಳು ನನ್ನವರ ಬದುಕು ಇದರಲ್ಲಿ ಎಲ್ಲಿದೆ ಎಂಬುದು. ಮೇವಿನ ಹೆಸರು ಕೇಳಿದ ಗದ್ದಲದಲ್ಲಿ ಆ ಪ್ರಶ್ನೆ ಯಾರಿಗೂ ಬೇಕಾಗಲಿಲ್ಲ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆಂದೇ ಒಂದು ಗೋಷ್ಠಿ ಇರಲಿ ಎಂದು ಚೆನ್ನಣ್ಣ ವಾಲೀಕಾರರು ಕೇಳಿದಾಗ, ಸಮ್ಮೇಳನ ನಡೆಸುವ ಕನ್ನಡ ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಅದಕ್ಕೆ ಪ್ರತಿಯಾಗಿ ಅದೇ ವರ್ಷ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. 2023ರ ಜನವರಿಯಲ್ಲಿ ಹಾವೇರಿ ಸಮ್ಮೇಳನಕ್ಕೆ ಮುಸ್ಲಿಂ ಲೇಖಕರನ್ನು ಸರಿಯಾಗಿ ಕರೆದಿಲ್ಲ ಎಂಬ ದೂರು ಎದ್ದಾಗಲೂ ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ನಡೆಯಿತು. ನಡುವೆ ನಲವತ್ತನಾಲ್ಕು ವರ್ಷ. ಕೇಳಿದವರ ಹೆಸರು ಬದಲಾಗಿತ್ತು, ವೇದಿಕೆಯ ಮೇಲಿನ ಸಮಜಾಯಿಷಿ ಹೆಚ್ಚು ಬದಲಾಗಿರಲಿಲ್ಲ. ಈ ಮೊದಲನೇ ಉತ್ತರದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ. ಸಾಹಿತ್ಯ ಒಂದೇ ಎನ್ನುವವರು ಸಾಮಾನ್ಯವಾಗಿ ಅದರೊಳಗೆ ಮೊದಲೇ ಕೂತಿರುತ್ತಾರೆ.

ಎರಡನೆಯದು ತೂಕದ ಉತ್ತರ. ಅನುಭವಕ್ಕೆ ಬಾರದ್ದನ್ನು ಬರೆಯಬಾರದು ಎಂಬ ಶಿಸ್ತನ್ನು ಕನ್ನಡದಲ್ಲಿ ಗಟ್ಟಿಯಾಗಿ ಹಿಡಿದವರು ನವ್ಯರು. ಅವರಿಗೂ ಹಿಂದಿನ ಪ್ರಗತಿಶೀಲರು ಎಲ್ಲರ ಬಗ್ಗೆಯೂ ಬರೆದರು. ಕಟ್ಟೀಮನಿಯವರು ಪತ್ರಿಕಾ ಕಚೇರಿಯ ದುಡಿಮೆಗಾರರನ್ನು ಇಟ್ಟುಕೊಂಡು ‘ಜ್ವಾಲಾಮುಖಿಯ ಮೇಲೆ’ ಬರೆದರು, ನಿರಂಜನರು ಕಾಸರಗೋಡಿನ ಕಯ್ಯೂರಿನ ರೈತರ ಹೋರಾಟವನ್ನು ‘ಚಿರಸ್ಮರಣೆ’ ಮಾಡಿದರು. ಆದರೆ ಅವರ ಗುಂಪಿನ ಎಷ್ಟೋ ಪುಸ್ತಕಗಳಲ್ಲಿ ಬಡವ ಭಾಷಣ ಮಾಡುತ್ತಾನೆ, ಅವನ ಹೊಟ್ಟೆ ಮಾತಾಡುವುದಿಲ್ಲ. ಅದರ ವಿರುದ್ಧ ನವ್ಯರು ಎತ್ತಿದ ಆಕ್ಷೇಪ ನ್ಯಾಯವಾಗಿಯೇ ಇತ್ತು. ತಾನು ಕಂಡುಂಡ ಬದುಕಿನ ಒಳಗನ್ನು ಕೆದಕು ಎಂದರು. ಅದರಿಂದ ಅಗ್ರಹಾರದ ಒಳಗು ಹಿಂದೆಂದೂ ಕಾಣದಷ್ಟು ಸ್ಪಷ್ಟವಾಗಿ ಕಂಡಿತು. ಆದರೆ ಶಿಸ್ತು ಕ್ರಮೇಣ ಬೇಲಿಯೂ ಆಯಿತು. ನನಗೆ ಗೊತ್ತಿಲ್ಲ ಎಂಬುದನ್ನು ತಲೆತಗ್ಗಿಸಿ ಹೇಳುತ್ತಿದ್ದವರು ಆಮೇಲೆ ತಲೆಯೆತ್ತಿ ಹೇಳತೊಡಗಿದರು.

ಅನುಭವಕ್ಕೆ ಬರುವುದು ಎಂದರೇನು? ಕಾರಂತರು ಕೋಟದ ಬ್ರಾಹ್ಮಣರು. 1933ರಲ್ಲಿ ‘ಚೋಮನ ದುಡಿ’ ಬರೆದರು. ಬೇಸಾಯ ಮಾಡಲಿಕ್ಕೆ ಒಂದು ತುಂಡು ಭೂಮಿ ಬೇಕು ಎಂಬ ಚೋಮನ ಆಸೆಯನ್ನು ಅವರು ಊಹಿಸಿದ್ದು ಊರೂರು ತಿರುಗಿದ ಕಾಲಿನಿಂದ. ಚೋಮ ಯಾಕೆ ದುಡಿ ಬಡಿಯುತ್ತಲೇ ಸಾಯಬೇಕು, ಯಾಕೆ ತಿರುಗಿ ಬೀಳಲಿಲ್ಲ ಎಂದು ದಲಿತ ವಿಮರ್ಶಕರು ಮುಂದೆ ಕೇಳಿದರು. ಕೇಳಬೇಕಾದ ಪ್ರಶ್ನೆ. ಆದರೆ ಆ ಪ್ರಶ್ನೆ ಕೇಳಲಿಕ್ಕೂ ಚೋಮ ಪುಸ್ತಕದೊಳಗೆ ಬಂದಿರಬೇಕಾಯಿತು. ಕುವೆಂಪು 1967ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಪ್ರಕಟಿಸಿದಾಗ ಗುತ್ತಿಗೆ, ತಿಮ್ಮಿಗೆ, ಐತನಿಗೆ, ಪೀಂಚಲುವಿಗೆ, ಹುಲಿಯ ಎಂಬ ನಾಯಿಗೆ ಕೂಡ ಒಡೆಯರಷ್ಟೇ ಜಾಗ ಕೊಟ್ಟರು. ಪುಟ ಎಣಿಸಿ ಕೊಟ್ಟದ್ದಲ್ಲ. ಕಾಡಿನಲ್ಲಿ ಕತ್ತಲಾದಾಗ ಗುತ್ತಿಗೆ ಏನು ತೋಚುತ್ತದೆ ಎಂಬುದನ್ನು ಒಡೆಯನ ಕಣ್ಣಿನಿಂದ ನೋಡದೆ ಗುತ್ತಿಯ ಕಣ್ಣಿನಿಂದಲೇ ನೋಡಿದರು.

ಅನಂತಮೂರ್ತಿಯವರ ‘ಭಾರತೀಪುರ’ ಈ ವಿಷಯದಲ್ಲಿ ನನಗೆ ಬಹಳ ಮುಖ್ಯವಾದ ಕಾದಂಬರಿ. 1973ರದ್ದು, ಬೂಸಾ ಗಲಾಟೆಯ ವರ್ಷದ್ದೇ. ಜಗನ್ನಾಥ ಎಂಬ ವಿದ್ಯಾವಂತ ಜಮೀನ್ದಾರ ಹೊಲೆಯರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ಹೊರಡುತ್ತಾನೆ. ಅವನು ಯಾರಿಗಾಗಿ ಇಷ್ಟೆಲ್ಲ ಮಾಡುತ್ತಾನೋ ಅವರು ಅವನ ಕಣ್ಣಿಗೆ ಒಂದು ಗುಂಪಾಗಿಯೇ ಉಳಿಯುತ್ತಾರೆ. ಇದು ಕಾದಂಬರಿಯ ಸೋಲು ಎನ್ನುವವರಿದ್ದಾರೆ. ಕಾದಂಬರಿ ಹಿಡಿದು ತೋರಿಸಿದ ಸತ್ಯವೇ ಅದು ಎಂದು ನನಗೆ ಅನ್ನಿಸುತ್ತದೆ. ನನಗೆ ಇವರು ಕಾಣುತ್ತಿಲ್ಲ ಎಂಬ ಮಾತನ್ನು ಮುನ್ನುಡಿಯಲ್ಲಿ ಹೇಳಿ ಕೈತೊಳೆದುಕೊಳ್ಳದೆ, ಅದನ್ನೇ ಕಾದಂಬರಿ ಮಾಡಿದ್ದಾರೆ. ಅನುಭವಕ್ಕೆ ಬಂದಿಲ್ಲ ಎಂಬ ಉತ್ತರವನ್ನು ಹೀಗೂ ಕೊಡಬಹುದು.

ಅದಾಗಿ ಕೆಲವೇ ವರ್ಷದಲ್ಲಿ ದೇವನೂರ ಮಹಾದೇವ ‘ಒಡಲಾಳ’ ಬರೆದರು. ಜಗನ್ನಾಥನಿಗೆ ಗುಂಪಾಗಿ ಕಂಡ ಮನೆಗಳಲ್ಲಿ ಒಂದರ ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಸಾಕವ್ವ ತನ್ನ ಕಳೆದುಹೋದ ಕೋಳಿಯನ್ನು ಹುಡುಕುತ್ತಾಳೆ, ಮನೆಮಂದಿಯೆಲ್ಲ ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಸುಲಿದು ತಿಂದು ಮುಗಿಸುತ್ತಾರೆ, ಬೆಳಗ್ಗೆ ಪೊಲೀಸರು ಬರುತ್ತಾರೆ. ಕರುಣೆ ತೋರಿಸಲಿಕ್ಕೆ ಓದುಗನಿಗೆ ಪುರುಸೊತ್ತೇ ಕೊಡುವುದಿಲ್ಲ, ಅಷ್ಟು ಜೀವ, ಅಷ್ಟು ತಮಾಷೆ. 1984ರ ‘ಕುಸುಮಬಾಲೆ’ ಇನ್ನೂ ಮುಂದೆ ಹೋಗಿ ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಇಡೀ ಕಥನ ಕಟ್ಟಿತು. ಓದಲಿಕ್ಕೆ ಕಷ್ಟ ಎಂದು ಓದುಗರು ಗೊಣಗಿದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಬಿಡದಿ ಇರುವ ಜಿಲ್ಲೆಯವರೇ ಆದ ಒಬ್ಬರ ಹೆಸರನ್ನೂ ಇಲ್ಲಿ ಹೇಳಬೇಕು. ಸಿದ್ಧಲಿಂಗಯ್ಯನವರು ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ, ಬಿಡದಿಯಿಂದ ದೂರವೇನಲ್ಲ. ಅವರ ಆತ್ಮಕತೆ ‘ಊರು ಕೇರಿ’ಯಲ್ಲಿ ಒಂದು ಪ್ರಸಂಗವಿದೆ. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ, ಅವರಲ್ಲಿ ಒಬ್ಬರು ಬರೆಯುವವರ ತಂದೆ. ಇದನ್ನು ಹೊರಗಿನವರು ಬರೆದಿದ್ದರೆ ಕಣ್ಣೀರು ಹರಿಸುತ್ತಿದ್ದರು. ಸಿದ್ಧಲಿಂಗಯ್ಯ ಪುಸ್ತಕವಿಡೀ ನಗಿಸುತ್ತಾರೆ. ಯಾರ ನೋವನ್ನು ಯಾರು ಬರೆಯಬೇಕು ಎಂಬ ಚರ್ಚೆಯಲ್ಲಿ ನಾವು ಯಾವಾಗಲೂ ನೋವಿನ ಲೆಕ್ಕ ಮಾತ್ರ ಹಾಕುತ್ತೇವೆ. ಒಳಗಿನವರಿಗೆ ಮಾತ್ರ ಬರುವ ನಗುವಿನ ಲೆಕ್ಕ ಮರೆತೇ ಹೋಗುತ್ತದೆ. ಒಂದು ಕಾಲಕ್ಕೆ ದಲಿತ ಗೋಷ್ಠಿಯನ್ನೇ ಒಪ್ಪದ ಸಮ್ಮೇಳನಕ್ಕೆ 2015ರಲ್ಲಿ, ಶ್ರವಣಬೆಳಗೊಳದಲ್ಲಿ, ಇದೇ ಸಿದ್ಧಲಿಂಗಯ್ಯನವರು ಅಧ್ಯಕ್ಷರಾದರು.

ಹಾಗಾದರೆ ಮೂರನೇ ಉತ್ತರವೇ ಸರಿಯಲ್ಲವೇ, ಅವರವರ ಕತೆ ಅವರವರೇ ಬರೆಯಲಿ ಅಂತ ನೀವು ಕೇಳಬಹುದು. ಸರಿಯೇ. ಆದರೆ ಹಾಗೆ ಹೇಳುವುದು ಬಹಳ ಸುಲಭ, ಹೇಳಿದವರಿಗೆ ಮತ್ತೆ ಯಾವ ಕೆಲಸವೂ ಉಳಿಯುವುದಿಲ್ಲ. ಬರೆದದ್ದನ್ನು ಯಾರೋ ಅಚ್ಚು ಹಾಕಬೇಕಲ್ಲ. ಈ ಇಡೀ ಚರ್ಚೆಯಲ್ಲಿ ನಾವು ಲೇಖಕರನ್ನು ಕಟಕಟೆಗೆ ನಿಲ್ಲಿಸಿ ಸಂಪಾದಕರನ್ನು ಮರೆಯುತ್ತೇವೆ. 1980ರ ದಶಕದ ಆರಂಭದಲ್ಲಿ ಸಾರಾ ಅಬೂಬಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಲಂಕೇಶ್ ಪತ್ರಿಕೆಯಲ್ಲಿ. ಕಾಸರಗೋಡಿನ ಮುಸ್ಲಿಂ ಮನೆಯ ಅಡುಗೆಕೋಣೆಯ ಮಾತು, ನಾದಿರಾಳ ತಲಾಖು, ಕನ್ನಡದ ಓದುಗರ ಕೈಗೆ ವಾರವಾರ ಬಂತು. ಹಾಸನದ ಬಾನು ಮುಷ್ತಾಕ್ ಆ ದಶಕದಲ್ಲಿ ಅದೇ ಪತ್ರಿಕೆಯ ವರದಿಗಾರ್ತಿ. ಲಂಕೇಶರು ವೈವಿಧ್ಯದ ಮೇಲೆ ಗೋಷ್ಠಿ ಮಾಡಲಿಲ್ಲ, ಪುಟ ಬಿಟ್ಟುಕೊಟ್ಟರು. ನನ್ನ ಮಟ್ಟಿಗೆ ಕನ್ನಡದಲ್ಲಿ ಈ ಪ್ರಶ್ನೆಗೆ ಸಿಕ್ಕ ದೊಡ್ಡ ಉತ್ತರ ಅದು.

ಹೀಗೆ ಒಳಗಿನಿಂದ ಬರೆದವರಿಗೆ ಎರಡು ಕಡೆ ಲೆಕ್ಕ ಒಪ್ಪಿಸುವ ಕಷ್ಟವೂ ಇದೆ. ಹೊರಗಿನವರು ನಿಮ್ಮವರ ಬಗ್ಗೆ ಬರೆಯಿರಿ ಎಂದು ಬೆನ್ನು ತಟ್ಟುತ್ತಾರೆ. ಒಳಗಿನವರು ಮನೆಯ ಮಾತು ಬೀದಿಗೆ ತಂದೆಯಲ್ಲ ಎನ್ನುತ್ತಾರೆ. ಸಾರಾ ಅವರು ವಿರೋಧ ಕಂಡರು. ಮಸೀದಿಯೊಳಗೆ ಹೆಂಗಸರಿಗೂ ಹಕ್ಕಿದೆ ಎಂದದ್ದಕ್ಕೆ 2000ದಲ್ಲಿ ಬಾನು ಅವರು ಬಹಿಷ್ಕಾರ ಕಂಡರು. ಮೂರು ದಶಕದಲ್ಲಿ ಬರೆದ ಅವರ ಹನ್ನೆರಡು ಕತೆಗಳನ್ನು ದೀಪಾ ಭಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಬಂತು. ಸಂತೋಷ. ಆದರೆ ಆ ಕತೆಗಳು ಕನ್ನಡದಲ್ಲೇ ಇದ್ದವಲ್ಲ, ಅಷ್ಟು ವರ್ಷ ನಾವೇನು ಓದುತ್ತಿದ್ದೆವು?

ಹೊರದೇಶಗಳಲ್ಲೂ ಇದೇ ಜಗಳ ನಡೆದಿದೆ. 2016ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಲಯನಲ್ ಶ್ರೈವರ್ ಎಂಬ ಕಾದಂಬರಿಗಾರ್ತಿ, ಬೇರೆಯವರ ವೇಷ ಹಾಕುವುದೇ ನಮ್ಮ ಕಸುಬು, ಅದನ್ನು ತಡೆಯುವವರು ಯಾರು ಎಂಬ ಅರ್ಥದಲ್ಲಿ ಮಾತಾಡಿದರು. ಯಾಸ್ಮಿನ್ ಅಬ್ದೆಲ್ ಮಗೀದ್ ಎಂಬ ಯುವ ಲೇಖಕಿ ಸಭೆಯಿಂದ ಎದ್ದು ನಡೆದರು. ಅಮೆರಿಕದಲ್ಲಿ ಮಕ್ಕಳ ಪುಸ್ತಕಗಳಲ್ಲಿ ಎಲ್ಲ ಬಣ್ಣದ ಮಕ್ಕಳೂ ಇರಲಿ ಎಂದು 2014ರಲ್ಲಿ ಆಂದೋಲನ ಎದ್ದಿತು. ತಮ್ಮ ಬದುಕನ್ನು ತಾವೇ ಬರೆದವರ ಪುಸ್ತಕಗಳಿಗೆ ಅಲ್ಲಿ ಒಂದು ಬಿಲ್ಲೆ ಅಂಟಿಸುವ ರೂಢಿಯೂ ಬಂತು. ಕೊನೆಗೆ ಆ ಬಿಲ್ಲೆಯೇ ಲೇಖಕರನ್ನು ನಿನ್ನ ಖಾಸಗಿ ಬದುಕಿನ ಪುರಾವೆ ತೋರಿಸು ಎಂದು ಕೇಳತೊಡಗಿದಾಗ, 2021ರಲ್ಲಿ ಆಂದೋಲನದವರೇ ಅದರ ಬಳಕೆ ನಿಲ್ಲಿಸಿದರು. ನಮ್ಮ ವಸುಧೇಂದ್ರರು 2013ರಲ್ಲಿ ‘ಮೋಹನಸ್ವಾಮಿ’ ತಂದಾಗ ಇಂಥ ಬಿಲ್ಲೆ ಯಾರೂ ಕೇಳಿರಲಿಲ್ಲ. ಗಂಡಸನ್ನು ಪ್ರೀತಿಸುವ ಗಂಡಸಿನ ಕತೆ ಎಂದು ಓದುಗರು ಓದಿದರು, ಬರೆದವರು ತಮ್ಮ ಬದುಕನ್ನು ಮುಚ್ಚಿಡಲಿಲ್ಲ. ಅವರದೇ ಛಂದ ಪುಸ್ತಕ ಪ್ರಕಾಶನ ಹೊಸಬರ ಮೊದಲ ಕಥಾಸಂಕಲನಗಳನ್ನು ಹುಡುಕಿ ಅಚ್ಚು ಹಾಕುತ್ತಾ ಬಂದಿದೆ. ಇದನ್ನೂ ಒಂದು ಉತ್ತರ ಎಂದೇ ಲೆಕ್ಕಕ್ಕೆ ಹಿಡಿಯುತ್ತೇನೆ.

ಮತ್ತೆ ಬಿಡದಿಗೆ. ಕಾರ್ಖಾನೆಯ ಬದುಕು ಕನ್ನಡಕ್ಕೆ ತೀರ ಹೊಸದೇನಲ್ಲ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿದ್ದವರು. 1979ರ ‘ಶಿಕಾರಿ’ಯಲ್ಲಿ ರಾಸಾಯನಿಕ ಕಂಪನಿಯ ಮೇಲಧಿಕಾರಿಯೊಬ್ಬನ ಭಯವಿದೆ. ಆದರೆ ಅದು ಮೇಜಿನ ಆ ಕಡೆಯ ಭಯ. ಮೇಜಿನ ಈ ಕಡೆಗೆ ಬಂದವರು ಜಯಂತ ಕಾಯ್ಕಿಣಿ. ಔಷಧ ಕಂಪನಿಯಲ್ಲಿ ಜೀವರಸಾಯನ ತಜ್ಞರಾಗಿ ದುಡಿಯುತ್ತಾ, ಮುಂಬಯಿಯ ಲೋಕಲ್ ರೈಲಿನವರನ್ನು, ಚಾಳಿನವರನ್ನು, ಎಲ್ಲಿಂದಲೋ ಬಂದು ಎಲ್ಲೂ ಸಲ್ಲದವರನ್ನು ಬರೆದರು. ಅವರ ಎಷ್ಟೋ ಪಾತ್ರಗಳ ಮನೆಮಾತು ಕನ್ನಡವಲ್ಲ. ಕತೆಯಲ್ಲಿ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರೆ, ಓದುವಾಗ ಯಾರಿಗೂ ಅದು ಅಡ್ಡ ಬರುವುದಿಲ್ಲ. ಮುಂಬಯಿಯ ಪರದೇಶಿಗಳಿಗೆ ಇಷ್ಟು ಸಲೀಸಾಗಿ ಜಾಗ ಕೊಟ್ಟ ಭಾಷೆಯಲ್ಲಿ ಬಿಡದಿಯ ಬಾಡಿಗೆ ಕೋಣೆಯ ಒಡಿಶಾದ ಹುಡುಗನಿಗೆ ಜಾಗವಿಲ್ಲ ಎಂದರೆ ಅದು ಭಾಷೆಯ ತೊಂದರೆಯಲ್ಲ.

ತೊಂದರೆ ಬೇರೆಡೆ ಇದೆ. ಲೈನಿನಲ್ಲಿ ದುಡಿಯುವ ಹುಡುಗನೊಬ್ಬನನ್ನು, ನಿಮ್ಮ ಕೆಲಸದ ಬಗ್ಗೆ ಕತೆ ಬರೆಯಬಹುದಾ ಎಂದು ಕೇಳಿದೆ. “ಏನಿದೆ ಅಣ್ಣ ಬರೆಯೋಕೆ? ನಿನ್ನೆ ಮಾಡಿದ್ದೇ ಇವತ್ತು, ಇವತ್ತು ಮಾಡಿದ್ದೇ ನಾಳೆ,” ಅಂದ. ಗಾಡಿಯೊಂದು ತನ್ನ ಮುಂದೆ ಬಂದು ದಾಟಿ ಹೋಗುವಷ್ಟರಲ್ಲಿ ಅವನ ಪಾಲಿನ ಬೋಲ್ಟು ಬಿಗಿಯಾಗಬೇಕು. ಅದನ್ನು ಟ್ಯಾಕ್ಟ್ ಟೈಮ್ ಎನ್ನುತ್ತಾರೆ. ಮುಂದಿನ ಗಾಡಿಗೂ ಅದೇ ಬೋಲ್ಟು. ಅವನ ಮಾತಿನಲ್ಲಿ ಕತೆಗಾರರಿಗೆ ನಿಜವಾದ ಸವಾಲಿದೆ. ನಮ್ಮ ಸಣ್ಣಕತೆಗೆ ಏನಾದರೂ ನಡೆಯಬೇಕು. ಏನೂ ನಡೆಯದಂತೆ ನೋಡಿಕೊಳ್ಳುವುದೇ ಆ ಲೈನಿನ ಜಾಣ್ಮೆ. ನಡೆದದ್ದು ಸುದ್ದಿಯಾಗುತ್ತದೆ. 2014ರಲ್ಲಿ, ಮತ್ತೆ 2020ರ ನವೆಂಬರಿನಲ್ಲಿ ಕಾರು ಕಾರ್ಖಾನೆಯಲ್ಲಿ ಲಾಕೌಟ್ ಆದಾಗ, ಮುಚ್ಚಳಿಕೆ ಬರೆದುಕೊಟ್ಟರೆ ಮಾತ್ರ ಒಳಗೆ ಬನ್ನಿ ಎಂದಾಗ, ವಾರಗಟ್ಟಲೆ ಪತ್ರಿಕೆಗಳಲ್ಲಿ ಬಂತು. ಮುಚ್ಚಳಿಕೆಗೆ ಸಹಿ ಹಾಕುವ ಹಿಂದಿನ ರಾತ್ರಿ ಮನೆಯಲ್ಲಿ ಗಂಡ ಹೆಂಡತಿ ಏನು ಮಾತಾಡಿಕೊಂಡರು ಎಂಬುದು ಪತ್ರಿಕೆಯ ಕೆಲಸವಲ್ಲ. ಅದು ಯಾರ ಕೆಲಸವೋ ಅವರು ಬೆಂಗಳೂರಿನಲ್ಲಿ ಕತೆಯ ಅಂತ್ಯದ ಬಗ್ಗೆ ಕಾರ್ಯಾಗಾರ ನಡೆಸುತ್ತಿದ್ದರು.

ಇನ್ನೊಂದು ಸಂಗತಿ. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳಲ್ಲಿ, ಎಚ್‌ಎಂಟಿ, ಐಟಿಐ, ಬಿಇಎಲ್‌ಗಳಲ್ಲಿ, ನೌಕರರ ಕನ್ನಡ ಸಂಘಗಳಿದ್ದವು. ನಾಟಕ, ರಾಜ್ಯೋತ್ಸವ ಸಂಚಿಕೆ, ಕವಿಗೋಷ್ಠಿ ನಡೆಯುತ್ತಿತ್ತು. ಅಲ್ಲಿ ಬರೆದದ್ದೆಲ್ಲ ಚೆನ್ನಾಗಿತ್ತು ಎಂದಲ್ಲ. ಆದರೆ ಫಿಟ್ಟರ್ ಒಬ್ಬ ತಾನೂ ಬರೆಯಬಹುದು ಎಂದುಕೊಳ್ಳಲಿಕ್ಕೆ ಒಂದು ಜಗುಲಿ ಇತ್ತು. ಖಾಯಂ ನೌಕರಿ, ಕ್ವಾರ್ಟರ್ಸು, ಸಂಜೆಯ ಬಿಡುವು ಅದರ ಬುಡದಲ್ಲಿತ್ತು. ಕಾಂಟ್ರ್ಯಾಕ್ಟು ಮುಗಿದ ಕೂಡಲೇ ಬೇರೆ ಗೇಟು ಹುಡುಕಬೇಕಾದ ಹುಡುಗನಿಗೆ ಯಾವ ಸಂಘ? ಅವನು ಬರೆಯುವುದೇ ಇಲ್ಲ ಎಂದಲ್ಲ. ಕಾರ್ಖಾನೆಯಲ್ಲಿ ಕೈಜೆನ್ ಅಂತ ಮಾಡಿಸುತ್ತಾರೆ. ಈ ಟ್ರೇ ಇಲ್ಲಿಟ್ಟರೆ ಎರಡು ಹೆಜ್ಜೆ ಉಳಿಯುತ್ತದೆ ಎಂಬಂಥ ಸಲಹೆಯನ್ನು ಕೆಲಸಗಾರರೇ ಬರೆದುಕೊಡಬೇಕು. ತನ್ನ ಕೆಲಸವನ್ನು ಅಷ್ಟು ಹತ್ತಿರದಿಂದ ನೋಡಿ ಬರೆಯುವ ಅಭ್ಯಾಸ ನಮ್ಮ ಅನೇಕ ಕತೆಗಾರರಿಗಿಲ್ಲ.

ಹಾಗಾಗಿ ಬಿಡದಿಯ ವಿಷಯದಲ್ಲಿ ನನ್ನ ಮಾತು ಇಷ್ಟು. ಅನುಭವಕ್ಕೆ ಬಂದಿಲ್ಲ ಎನ್ನುವ ಲೇಖಕರು ಮೆಜೆಸ್ಟಿಕ್ಕಿನಿಂದ ಒಂದು ಗಂಟೆಯ ಬಸ್ಸಿನ ದೂರದಲ್ಲಿರುವ ಊರಿನ ಬಗ್ಗೆ ಹಾಗೆ ಹೇಳಬಾರದು. ಕಾರಂತರ ಕಾಲದಲ್ಲಿ ಅಷ್ಟು ಬಸ್ಸುಗಳೂ ಇರಲಿಲ್ಲ. ಅವರೇ ಬರೆಯಲಿ ಎನ್ನುವ ಸಂಪಾದಕರು ವಿಶೇಷಾಂಕದ ಸ್ಪರ್ಧೆಯ ಪ್ರಕಟಣೆಯನ್ನು ಕಾಲೇಜುಗಳಿಗೆ ಕಳಿಸುವಾಗ ಒಂದು ಪ್ರತಿಯನ್ನು ಮಂಚನಾಯಕನಹಳ್ಳಿ ಕಡೆಯ ಮೆಸ್ಸುಗಳ ಗೋಡೆಗೂ ಅಂಟಿಸಲಿ. ಟೈಪು ಮಾಡಿಯೇ ಕಳಿಸಬೇಕು ಎಂಬ ನಿಯಮ ತೆಗೆಯಲಿ. ಮೊಬೈಲಿನಲ್ಲಿ ಹೇಳಿ ಕಳಿಸಿದ ಕತೆಯನ್ನು ಕೇಳಿ ಬರೆದುಕೊಳ್ಳುವವರೊಬ್ಬರನ್ನು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ನಮ್ಮ ಜನಪದ ಕಾವ್ಯಗಳನ್ನೆಲ್ಲ ಹಾಗೆಯೇ ತಾನೆ ಅಚ್ಚಿಗೆ ತಂದದ್ದು?

ಇಷ್ಟಾಗಿಯೂ ಬಿಡದಿಯ ಮೊದಲ ಕಾರ್ಖಾನೆ ಕಾದಂಬರಿ ಕನ್ನಡದಲ್ಲೇ ಬರುತ್ತದೆ ಎಂಬ ಭರವಸೆ ನನಗಿಲ್ಲ. ಬಾಲೇಶ್ವರದ ಕಡೆಯ ಯಾವನೋ ಹುಡುಗ ಇಲ್ಲಿ ನಾಲ್ಕು ವರ್ಷ ಬಿಡಿಭಾಗ ಜೋಡಿಸಿ, ಊರಿಗೆ ಮರಳಿ, ಒಡಿಯಾದಲ್ಲಿ ಬರೆಯಬಹುದು. ಅದರಲ್ಲಿ ತಟ್ಟೆ ಇಡ್ಲಿ ಇರುತ್ತದೆ, ಭೈರಮಂಗಲದ ಕೆರೆಯ ನೊರೆ ಇರುತ್ತದೆ, ಬಾಡಿಗೆ ವಸೂಲಿಗೆ ಬರುವ ಕನ್ನಡದ ಯಜಮಾನ ಇರುತ್ತಾನೆ. ನಾವು ಅದರಲ್ಲಿ ಹೇಗೆ ಕಾಣುತ್ತೇವೋ ಓದಬೇಕು. ಒಡಿಯಾದಿಂದ ನೇರವಾಗಿ ಕನ್ನಡಕ್ಕೆ ತರಬಲ್ಲವರು ಎಷ್ಟು ಜನ ಇದ್ದಾರೆ ಎಂದು ಅಕಾಡೆಮಿಯವರು ಈಗಲೇ ವಿಚಾರಿಸಿಡಲಿ.